ದವಾಖಾನೆಗೆ ಕೊಟ್ಟ ದುಡ್ಡು ಎಲ್ಲಿ ಹೋಗುತ್ತದೆ

ವಿಜಯಪುರ ನಗರದಲ್ಲಿ ದೊಡ್ಡ ಕಾಯಿಲೆಗೆ ದಾಖಲಾಗಲು ಮುಖ್ಯವಾಗಿ ಮೂರು ಬಾಗಿಲುಗಳಿವೆ. ಒಂದು ಸರ್ಕಾರಿ ಜಿಲ್ಲಾ ಆಸ್ಪತ್ರೆ. ಇನ್ನೊಂದು 1984ರಲ್ಲಿ ಶುರುವಾದ ಅಲ್-ಅಮೀನ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಮತ್ತೊಂದು ಬಿಎಲ್‌ಡಿಇ ಸಂಸ್ಥೆ 1986ರಲ್ಲಿ ಆರಂಭಿಸಿದ ವೈದ್ಯಕೀಯ ಕಾಲೇಜಿನದು. ಇಂದು ಅದರ ಪೂರ್ತಿ ಹೆಸರು ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು, ಆಸ್ಪತ್ರೆ ಮತ್ತು ಸಂಶೋಧನಾ ಕೇಂದ್ರ. ಬಸವನ ಬಾಗೇವಾಡಿಯಿಂದ ಇಲ್ಲಿಗೆ ಸುಮಾರು 40 ಕಿಲೋಮೀಟರ್, ಇಂಡಿಯಿಂದ 50ಕ್ಕೂ ಹೆಚ್ಚು, ಸಿಂದಗಿಯಿಂದ 60ರ ಆಸುಪಾಸು, ಮುದ್ದೇಬಿಹಾಳದಿಂದ 80ರ ಹತ್ತಿರ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ್ದು ಈ ಮೂರರಲ್ಲಿ ಒಂದಕ್ಕೆ ಬರುತ್ತದೆ. ಅಲ್ಲಿಯೂ ಆಗದಿದ್ದರೆ ಸೊಲ್ಲಾಪುರ, ಮೀರಜ್, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು.

ಈ ಮೂರರಲ್ಲಿ ಸರ್ಕಾರ ಕಟ್ಟಿದ್ದು ಒಂದೇ. ಉಳಿದ ಎರಡರ ಹಿಂದೆ ಇರುವುದು ಜನ ಕೂಡಿ ಕಟ್ಟಿದ ಸಂಸ್ಥೆಗಳು. ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಡಾ. ಮುಮ್ತಾಜ್ ಅಹ್ಮದ್ ಖಾನ್ 1966ರಲ್ಲಿ ಬೆಂಗಳೂರಿನಲ್ಲಿ ಹುಟ್ಟುಹಾಕಿದರು; ವಿಜಯಪುರಕ್ಕೆ ಅದು ಬಂದದ್ದು ಆಮೇಲೆ. ಬಿಎಲ್‌ಡಿಇಯ ಕಥೆ ಇನ್ನೂ ಹಳೆಯದು, ಇದೇ ಮಣ್ಣಿನದು. 1910ರಲ್ಲಿ ವಕೀಲ ಫ.ಗು. ಹಳಕಟ್ಟಿಯವರ ಮುಂದಾಳತ್ವದಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆ ಎಂಬ ಹೆಸರಿನಲ್ಲಿ ಅದು ಹುಟ್ಟಿತು. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದವರೆಂದೇ ಹಳಕಟ್ಟಿಯವರು ನಾಡಿಗೆ ಗೊತ್ತು. ಶಾಲೆಗಾಗಿ, ಸಹಕಾರಿ ಬ್ಯಾಂಕಿಗಾಗಿ ಮನೆ ಮನೆ ತಿರುಗಿದ ಹಳಕಟ್ಟಿಯವರು ಜಿಲ್ಲೆಯ ಹೊರಗೆ ಅಷ್ಟಾಗಿ ಗೊತ್ತಿಲ್ಲ. ಸಂಸ್ಥೆಯನ್ನು ಮುಂದೆ ಬೆಳೆಸಿದವರು ಇಂಡಿ ತಾಲ್ಲೂಕಿನ ಬಂಥನಾಳದ ಶ್ರೀ ಸಂಗನಬಸವ ಶಿವಯೋಗಿಗಳು. ಅವರು ಜೋಳಿಗೆ ಹಿಡಿದು ಹಳ್ಳಿಗಳನ್ನು ಸುತ್ತಿ ದೇಣಿಗೆ ಕೂಡಿಸಿದ್ದನ್ನು ಜಿಲ್ಲೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ವೈದ್ಯಕೀಯ ಕಾಲೇಜು ನಿಂತಿರುವ ಸೊಲ್ಲಾಪುರ ರಸ್ತೆಯ ಆವರಣಕ್ಕೆ ದಾನಿ ಬಂಗಾರಮ್ಮ ಸಜ್ಜನ ಅವರ ಹೆಸರಿದೆ. 2008ರಲ್ಲಿ ಸಂಸ್ಥೆ ಪರಿಗಣಿತ ವಿಶ್ವವಿದ್ಯಾಲಯವಾಯಿತು.

ಮಳೆಯನ್ನೇ ನಂಬಿದ ಈ ಜಿಲ್ಲೆಯಲ್ಲಿ ದಾನವೆಂದರೆ ರೊಕ್ಕ ಎಂದಷ್ಟೇ ಅರ್ಥವಿರಲಿಲ್ಲ. ಕೈಯಲ್ಲಿ ರೊಕ್ಕ ಇರುತ್ತಿದ್ದದ್ದು ಸುಗ್ಗಿಯ ನಂತರದ ಕೆಲವೇ ದಿನ. ಮಠದ ಜೋಳಿಗೆಗೆ ಬೀಳುತ್ತಿದ್ದದ್ದು ಬಿಳಿಜೋಳ, ತೊಗರಿ, ಕುಸುಬೆ. ಹೊಲ ಇದ್ದವರು ಹೊಲ ಬರೆದುಕೊಟ್ಟರು, ಇಲ್ಲದವರು ಕಲ್ಲು ಹೊತ್ತರು. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯಲ್ಲಿ ದಾಸೋಹವನ್ನು ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ. ಕಾಯಕದ ಗಳಿಕೆಯಲ್ಲಿ ಒಂದು ಪಾಲು ಸಮಾಜದ್ದು ಎಂಬ ತಿಳಿವಳಿಕೆ ಇದ್ದಲ್ಲಿ ಜೋಳಿಗೆ ಹಿಡಿದವರನ್ನು ಜನ ಭಿಕ್ಷುಕರೆಂದು ಕಾಣುವುದಿಲ್ಲ, ಬಾಕಿ ವಸೂಲಿಗೆ ಬಂದವರೆಂದು ಕಾಣುತ್ತಾರೆ.

ಗಡಿಯಾಚೆಯ ಮೀರಜ್‌ನಲ್ಲಿ ಇದೇ ಕೆಲಸ ಬೇರೆ ರೀತಿಯಲ್ಲಿ ನಡೆದಿತ್ತು. ಕೆನಡಾ ಮೂಲದ ಡಾ. ವಿಲಿಯಂ ವಾನ್ಲೆಸ್ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ನೆರವಿನಿಂದ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಸಾವಿರಾರು ಮೈಲಿ ಆಚೆಯ ಚರ್ಚುಗಳಲ್ಲಿ ಕೂಡಿಸಿದ ಕಾಣಿಕೆ ಇಲ್ಲಿಯ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ಕಣ್ಣಿನ ಪೊರೆ, ಹೊಟ್ಟೆಯ ಗಡ್ಡೆ ಎಂದು ಉತ್ತರ ಕರ್ನಾಟಕದ ಹಳ್ಳಿಗರು ಮೀರಜ್ ದಾರಿ ಹಿಡಿದ ಕಾಲ ಬಹಳ ದೀರ್ಘವಾದದ್ದು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು, ಹಿತೈಷಿಗಳು ಸೇರಿ ಕೆಎಲ್ಇ ಸಂಸ್ಥೆ ಕಟ್ಟಿದರು. 1963ರಲ್ಲಿ ಅದು ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ತೆರೆಯಿತು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯನ್ನು 1941ರಲ್ಲಿ ತೆರೆದದ್ದು ದೊರಾಬ್ಜಿ ಟಾಟಾ ಟ್ರಸ್ಟ್. 1957ರಲ್ಲಿ ಅದು ಕೇಂದ್ರ ಸರ್ಕಾರದ ಕೈಗೆ ಬಂತು. ಸೊಲ್ಲಾಪುರದಲ್ಲಿ ರೈಲು ಹತ್ತಿ ‘ಟಾಟಾ’ಕ್ಕೆ ಹೋಗುವ ಇಂಡಿಯ ಕ್ಯಾನ್ಸರ್ ರೋಗಿಗೆ ಅದು ಒಂದು ಕಾಲದ ದೇಣಿಗೆ ಎಂಬುದು ಗೊತ್ತಿರಬೇಕಾಗಿಲ್ಲ. ಇವೆಲ್ಲದರಲ್ಲೂ ಒಂದು ಸಂಗತಿ ಸಮಾನ: ಆಸ್ಪತ್ರೆ ಹುಟ್ಟುವುದಕ್ಕೆ ದೇಣಿಗೆ ಸಾಕು, ಬದುಕುವುದಕ್ಕೆ ದೇಣಿಗೆಯೊಂದೇ ಎಲ್ಲಿಯೂ ಸಾಕಾಗಿಲ್ಲ.

ಬೋಧನಾ ಆಸ್ಪತ್ರೆಯೊಂದಕ್ಕೆ ದುಡ್ಡು ನಾಲ್ಕು ಕಡೆಯಿಂದ ಬರುತ್ತದೆ. ರೋಗಿ ಕೊಡುವ ಶುಲ್ಕ, ಸರ್ಕಾರಿ ಯೋಜನೆಗಳು ತುಂಬಿಕೊಡುವ ಹಣ, ವಿದ್ಯಾರ್ಥಿಗಳ ಶುಲ್ಕ, ದೇಣಿಗೆ ಮತ್ತು ಅನುದಾನ. ಮೊದಲ ಮೂರರ ಎದುರು ನಾಲ್ಕನೆಯದು ಸಾಮಾನ್ಯವಾಗಿ ಸಣ್ಣದು. ಆದರೆ ಮೊದಲ ಮೂರೂ ನಿಗದಿತ ಕೆಲಸಕ್ಕೆ ಕಟ್ಟಿಬಿದ್ದಿರುತ್ತವೆ. ಯಾವ ಪಟ್ಟಿಗೂ ಸೇರದ ಖರ್ಚಿಗೆ ಒದಗುವುದು ನಾಲ್ಕನೆಯದು ಮಾತ್ರ.

ಸಾಮಾನ್ಯ ವಾರ್ಡಿನಲ್ಲಿ ಹಾಸಿಗೆ ಬಾಡಿಗೆ ಯಾಕೆ ಅಷ್ಟು ಕಡಿಮೆ ಎಂಬುದಕ್ಕೂ ಇಲ್ಲಿ ಅರ್ಧ ಉತ್ತರವಿದೆ. ವೈದ್ಯಕೀಯ ಕಾಲೇಜಿಗೆ ಮಾನ್ಯತೆ ಉಳಿಯಬೇಕಾದರೆ ಹಾಸಿಗೆಗಳಲ್ಲಿ ನಿಗದಿತ ಪ್ರಮಾಣದ ರೋಗಿಗಳು ಇರಲೇಬೇಕು. ರೋಗಿಯಿಲ್ಲದೆ ವಿದ್ಯಾರ್ಥಿ ಕಲಿಯಲಾರ. ಹಾಗಾಗಿ ಸಾಮಾನ್ಯ ವಾರ್ಡಿನ ರಿಯಾಯಿತಿಯೆಲ್ಲ ಪೂರ್ತಿ ದಾನವೂ ಅಲ್ಲ, ಪೂರ್ತಿ ವ್ಯವಹಾರವೂ ಅಲ್ಲ. ಬಡರೋಗಿ ಅಲ್ಲಿ ಪಡೆಯುವುದರ ಜೊತೆಗೆ ಕೊಡುತ್ತಲೂ ಇರುತ್ತಾನೆ. ಇನ್ನು ವೈದ್ಯಕೀಯ ಸೀಟಿಗಾಗಿ ಗುಟ್ಟಾಗಿ ಕೊಡಿಸಿಕೊಳ್ಳುವ ‘ಡೊನೇಷನ್’ ಯಾವ ಲೆಕ್ಕದಲ್ಲಿಯೂ ದೇಣಿಗೆಯಲ್ಲ. ಕರ್ನಾಟಕದಲ್ಲಿ ಅದನ್ನು ನಿಷೇಧಿಸುವ ಕಾಯ್ದೆ 1984ರಿಂದಲೇ ಇದೆ.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಂದದ್ದು 2018ರಲ್ಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ನೆರವು. ಅದಕ್ಕೂ ಮೊದಲು, 2003ರಲ್ಲಿ, ಸಹಕಾರ ಸಂಘಗಳ ರೈತರು ತಿಂಗಳಿಗೆ 5 ರೂಪಾಯಿಯಂತೆ ಕೂಡಿಸಿ ಶಸ್ತ್ರಚಿಕಿತ್ಸೆಗೆ ಭದ್ರತೆ ಪಡೆಯುವ ಯಶಸ್ವಿನಿ ಶುರುವಾಗಿತ್ತು. ಅದು 2018ರಲ್ಲಿ ನಿಂತು 2022ರಲ್ಲಿ ಮತ್ತೆ ಘೋಷಣೆಯಾಯಿತು. ಇಷ್ಟೆಲ್ಲ ಇರುವಾಗ ಧರ್ಮದ ದುಡ್ಡು ಯಾಕೆ ಬೇಕು ಎಂಬ ಪ್ರಶ್ನೆ ಸಹಜ.

ಉತ್ತರ ಸಿಗುವುದು ಪ್ಯಾಕೇಜಿನ ಅಂಚಿನಲ್ಲಿ. ಸರ್ಕಾರ ಕೊಡುವುದು ಒಂದು ಕಾಯಿಲೆಗೆ, ಒಂದು ಶಸ್ತ್ರಕ್ರಿಯೆಗೆ ಕಟ್ಟಿದ ದರ. ಸಿಂದಗಿ ಕಡೆಯ ಒಬ್ಬ ಹೆಣ್ಣುಮಗಳು ಹತ್ತಿ ಬಿಡಿಸುವಾಗ ಹಾವು ಕಚ್ಚಿ ವಿಜಯಪುರಕ್ಕೆ ಬಂದಳೆಂದು ಇಟ್ಟುಕೊಳ್ಳೋಣ. ಔಷಧಿ, ಐಸಿಯು, ವೆಂಟಿಲೇಟರು ಇವೆಲ್ಲ ಯೋಜನೆಯ ಕೆಳಗೆ ಬರಬಹುದು. ರಾತ್ರಿ ಟಂಟಂ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಬಂದ ಬಾಡಿಗೆ ಬರುವುದಿಲ್ಲ. ಜೊತೆಗೆ ಬಂದ ಮೂವರ ಊಟ ಬರುವುದಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದ್ದರೆ ಅದು ಸರಿಯಾಗುವತನಕದ ಖರ್ಚು ಬರುವುದಿಲ್ಲ. ಹದಿನೈದು ದಿನ ಕೂಲಿ ಹೋದದ್ದು ಯಾವ ಲೆಕ್ಕಕ್ಕೂ ಇಲ್ಲ. ಮನೆಗೆ ಹೋದ ಮೇಲೆ ಕೊಳೆತ ಗಾಯಕ್ಕೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸಲು ಬಸ್ ಚಾರ್ಜು ಬೇಕು. ಜನ ಸಾಲ ಮಾಡುವುದು, ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಎದ್ದುಹೋಗುವುದು ಬಹಳ ಸಲ ಈ ಚಿಲ್ಲರೆ ಖರ್ಚುಗಳಿಗೇ.

ಆಸ್ಪತ್ರೆಗಳಲ್ಲಿ ‘ಬಡರೋಗಿಗಳ ನಿಧಿ’ ಎಂದು ಇರುವುದು ಇದಕ್ಕಾಗಿ. ಸಾಮಾನ್ಯವಾಗಿ ಅದರ ಕೀಲಿ ಇರುವುದು ವೈದ್ಯಕೀಯ ಸಮಾಜ ಕಾರ್ಯಕರ್ತರ ಕೈಯಲ್ಲಿ. ರೋಗಿಯ ಕೇಸ್ ಪೇಪರ್, ಕಾರ್ಡು, ಮನೆಯ ಪರಿಸ್ಥಿತಿ ನೋಡಿ ಇಷ್ಟು ಎಂದು ಅವರು ಶಿಫಾರಸು ಬರೆಯುತ್ತಾರೆ. ವೈದ್ಯಕೀಯ ಅಧೀಕ್ಷಕರು ಸಹಿ ಹಾಕುತ್ತಾರೆ. ಹಣ ಬಹುಪಾಲು ರೋಗಿಯ ಕೈಗೆ ಹೋಗದೆ ಬಿಲ್ಲಿನಲ್ಲಿ ಕಡಿತವಾಗುತ್ತದೆ ಅಥವಾ ಔಷಧಿ ಅಂಗಡಿಗೆ ಹೋಗುತ್ತದೆ. ದಾನಿಗಳಿಗೆ ಎಲ್ಲಕ್ಕಿಂತ ಕಡಿಮೆ ಕಾಣುವ, ರೋಗಿಗೆ ಎಲ್ಲಕ್ಕಿಂತ ಹೆಚ್ಚು ತಟ್ಟುವ ದೇಣಿಗೆ ಇದು. ರೋಗಿಯ ಜೊತೆ ಬಂದವರಿಗೆ ಅನ್ನ ಹಾಕುವ ಕೆಲಸವನ್ನು ನಾಡಿನ ಎಷ್ಟೋ ಊರುಗಳಲ್ಲಿ ಮಠಗಳು, ಯುವಕ ಸಂಘಗಳು, ಜೈನ ಸಮಾಜದ ಟ್ರಸ್ಟುಗಳು ಹೊತ್ತಿವೆ. ಔಷಧಿಗೆ ಹೋಲಿಸಿದರೆ ಅದರ ಖರ್ಚು ಅತ್ಯಲ್ಪ. ಆದರೂ ಜೊತೆಗಾರ ಹಸಿದು ಊರಿಗೆ ಹೊರಟರೆ ರೋಗಿಯೂ ಹೊರಟನೆಂದೇ ಅರ್ಥ.

ದೇಣಿಗೆಯಲ್ಲಿ ಹಲವು ಬಗೆ. ಜಮೀನು, ಕಟ್ಟಡ ಒಂದು ಬಗೆ. ಮೂಲನಿಧಿ ಇನ್ನೊಂದು: ಅಸಲು ಮುಟ್ಟದೆ ಬಡ್ಡಿಯನ್ನು ಮಾತ್ರ ಖರ್ಚು ಮಾಡುವುದು. ‘ಇದಕ್ಕೇ ಬಳಸಬೇಕು’ ಎಂದು ಕಟ್ಟುಹಾಕಿ ಕೊಡುವುದು ಮೂರನೆಯದು. ಯಂತ್ರ, ಹಾಸಿಗೆ, ಆಂಬುಲೆನ್ಸು ರೂಪದ್ದು ಬೇರೆ. ಯಾವ ಕಟ್ಟೂ ಇಲ್ಲದೆ ‘ನಿಮಗೆ ಬೇಕಾದ್ದಕ್ಕೆ ಬಳಸಿ’ ಎಂದು ಕೊಡುವುದು ಅಪರೂಪ. ಆಸ್ಪತ್ರೆ ನಡೆಸುವವರನ್ನು ಕೇಳಿದರೆ ಅದಕ್ಕಿಂತ ಉಪಕಾರದ್ದು ಇನ್ನೊಂದಿಲ್ಲ ಎನ್ನುತ್ತಾರೆ. ದಾನಿಯ ಒಲವು ಇರುವುದು ಕಣ್ಣಿಗೆ ಕಾಣುವುದರ ಕಡೆಗೆ. ತಂದೆಯ ಹೆಸರಿನಲ್ಲಿ ಒಂದು ವಾರ್ಡು, ಬಾಗಿಲ ಮೇಲೆ ಕಪ್ಪು ಕಲ್ಲಿನ ನಾಮಫಲಕ, ರಿಬ್ಬನ್ನು, ಫೋಟೊ. ಕಸಬರಿಗೆ, ಜನರೇಟರಿನ ಡೀಸೆಲ್, ರಾತ್ರಿ ಪಾಳಿಯ ನರ್ಸ್ ಸಂಬಳ ಇವಕ್ಕೆ ಯಾರೂ ಕಲ್ಲು ಕೆತ್ತಿಸುವುದಿಲ್ಲ.

ಡಯಾಲಿಸಿಸ್ ಯಂತ್ರವನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಮೂತ್ರಪಿಂಡ ಸೋತವರಿಗೆ ವಾರಕ್ಕೆ ಎರಡು ಅಥವಾ ಮೂರು ಸಲ, ಒಂದೊಂದು ಸಲ ನಾಲ್ಕು ತಾಸು ಡಯಾಲಿಸಿಸ್ ಆಗಬೇಕು. ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ. ದಾನಿಗಳು ಉತ್ಸಾಹದಿಂದ ಕೊಡುತ್ತಾರೆ. ಯಂತ್ರದೊಳಗೆ ನಿಮಿಷಕ್ಕೆ ಅರ್ಧ ಲೀಟರಿನಂತೆ ಶುದ್ಧ ದ್ರಾವಣ ಹರಿಯುತ್ತದೆ, ಎಂದರೆ ಒಬ್ಬ ರೋಗಿಗೆ ಒಂದು ಸರದಿಗೆ ಸುಮಾರು 120 ಲೀಟರ್. ಆ ನೀರು ಕುಡಿಯುವ ನೀರಿಗಿಂತ ಎಷ್ಟೋ ಪಾಲು ಶುದ್ಧವಾಗಿರಬೇಕು, ಯಾಕೆಂದರೆ ತೆಳುವಾದ ಒಂದು ಪೊರೆಯ ಆಚೆಗೇ ರಕ್ತ ಹರಿಯುತ್ತಿರುತ್ತದೆ. ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಹಲವೆಡೆ ಉಪ್ಪು. ಆರ್‌ಒ ಘಟಕದ ಪೊರೆಗಳು ಬೇಗ ಕಟ್ಟಿಕೊಳ್ಳುತ್ತವೆ, ಬದಲಿಸಬೇಕು. ತಂತ್ರಜ್ಞ ಬೇಕು, ಕರೆಂಟು ಹೋದರೆ ಯುಪಿಎಸ್ ಬೇಕು, ಪ್ರತಿ ರೋಗಿಗೆ ಡಯಾಲೈಸರ್, ಟ್ಯೂಬು, ಸೂಜಿ ಬೇಕು. ಯಂತ್ರ ಕೊಟ್ಟವರು ಇದಾವುದನ್ನೂ ಕೊಡದೆ ಹೋದರೆ ಅದು ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂರುತ್ತದೆ. ಕೋವಿಡ್ ಕಾಲದಲ್ಲಿ ಬಂದ ವೆಂಟಿಲೇಟರುಗಳು ದೇಶದ ಹಲವು ಕಡೆ ಬಳಕೆಯಾಗದೆ ಉಳಿದದ್ದಕ್ಕೂ ಒಂದು ಕಾರಣ ಇದೇ ಆಗಿತ್ತು: ಯಂತ್ರವಿತ್ತು, ನಡೆಸುವ ಕೈ ಇರಲಿಲ್ಲ.

ಹಾಗಾಗಿ ತಿಳಿದ ದಾನಿಗಳು ಈಗ ಯಂತ್ರದ ಜೊತೆ ಐದು ವರ್ಷದ ನಿರ್ವಹಣೆ ಒಪ್ಪಂದಕ್ಕೂ ಹಣ ಇಡುತ್ತಾರೆ. ಇದೊಂದು ಸಾಲು ರಸೀದಿಯ ಮೇಲೆ ಇದೆಯೋ ಇಲ್ಲವೋ ಎಂಬುದು ಯಂತ್ರದ ಆಯುಷ್ಯವನ್ನು ನಿರ್ಧರಿಸುತ್ತದೆ.

ಕಂಪನಿಗಳ ದುಡ್ಡಿನ ದಾರಿ ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿಗದಿತ ಮಿತಿ ದಾಟಿದ ಕಂಪನಿಗಳು (500 ಕೋಟಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ) ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರವಿದೆ. ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಇಂಥ ಹಣಕ್ಕೆ ಒಂದು ಗುಣ, ಒಂದು ದೋಷ. ಗುಣವೆಂದರೆ ಬರವಿದ್ದರೂ ಲಾಭವಿದ್ದರೆ ಅದು ಬರುತ್ತದೆ. ದೋಷವೆಂದರೆ ಅದಕ್ಕೆ ಮಾರ್ಚ್ 31ರ ಗಡುವು ಅಂಟಿಕೊಂಡಿರುತ್ತದೆ. ಮುಗಿಸುವ ಗಡಿಬಿಡಿಯಲ್ಲಿ ಮತ್ತೆ ಆಂಬುಲೆನ್ಸು, ಮತ್ತೆ ಯಂತ್ರ. ಬೆಂಗಳೂರಿನಲ್ಲಿ ಇನ್ಫೊಸಿಸ್ ಪ್ರತಿಷ್ಠಾನ ಜಯದೇವ ಹೃದ್ರೋಗ ಸಂಸ್ಥೆಗೆ 350 ಹಾಸಿಗೆಗಳ ಕಟ್ಟಡವನ್ನೇ ಕಟ್ಟಿಸಿಕೊಟ್ಟಿತು, 2021ರಲ್ಲಿ ಅದು ಉದ್ಘಾಟನೆಯಾಯಿತು. ಅಲ್ಲಿ ಅದು ಫಲಿಸಿದ್ದು ವೈದ್ಯರ, ಸಿಬ್ಬಂದಿಯ ಸಂಬಳ ಹೊರಲು ಸ್ವಾಯತ್ತ ಸರ್ಕಾರಿ ಸಂಸ್ಥೆಯೊಂದು ಹಿಂದೆ ಇದ್ದುದರಿಂದ.

ಇನ್ನು ಸಂಶೋಧನೆ. ದೇಣಿಗೆಯ ಮಾತಿನಲ್ಲಿ ಇದು ಕೊನೆಗೆ ಬರುತ್ತದೆ, ಹಲವು ಸಲ ಬರುವುದೇ ಇಲ್ಲ. ರೋಗಿ ಎದುರಿಗೆ ನರಳುತ್ತಿರುವಾಗ ಪ್ರಯೋಗಾಲಯಕ್ಕೆ ದುಡ್ಡು ಕೊಡಲು ಯಾರಿಗೆ ಮನಸ್ಸಾದೀತು? ಆದರೆ ಈ ಜಿಲ್ಲೆಯ ಕಾಯಿಲೆಗಳನ್ನು ಬೋಸ್ಟನ್ನಿನಲ್ಲೋ ದೆಹಲಿಯಲ್ಲೋ ಕುಳಿತವರು ಅಭ್ಯಾಸ ಮಾಡುವುದಿಲ್ಲ. ಇಂಡಿ, ಮುದ್ದೇಬಿಹಾಳ ಕಡೆಯ ಅಂತರ್ಜಲದ ಫ್ಲೋರೈಡು ಹಲ್ಲು ಕಂದಿಸುತ್ತದೆ, ಕಾಲಾಂತರದಲ್ಲಿ ಮೂಳೆ ಬಗ್ಗಿಸುತ್ತದೆ. ದ್ರಾಕ್ಷಿ, ನಿಂಬೆ, ಹತ್ತಿಗೆ ಹೊಡೆಯುವ ಕೀಟನಾಶಕ ಮೈಗೆ, ಕೆಲವೊಮ್ಮೆ ದುಃಖದ ಗಳಿಗೆಯಲ್ಲಿ ಹೊಟ್ಟೆಗೆ ಹೋಗುತ್ತದೆ. ಮಸಬಿನ ನೆಲದಲ್ಲಿ ಹಾವು.

ಹಾವಿನ ವಿಷಯವನ್ನೇ ತೆಗೆದುಕೊಳ್ಳಬಹುದು. ಭಾರತದಲ್ಲಿ ಸಿಗುವ ವಿಷಪ್ರತಿರೋಧಕ ಔಷಧಿ ನಾಲ್ಕು ಹಾವುಗಳ ವಿಷದ ಮೇಲೆ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷ ಬಹುಕಾಲದಿಂದ ಮುಖ್ಯವಾಗಿ ಬರುತ್ತಿರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷ ಊರಿಂದ ಊರಿಗೆ ಬದಲಾಗುತ್ತದೆ ಎಂಬುದು ಈಗ ಗೊತ್ತಿರುವ ಸಂಗತಿ. ಹಾಗಿದ್ದರೆ ಸಿಂದಗಿಯ ಹೊಲದ ಕೊಳಕುಮಂಡಲ ಕಚ್ಚಿದವರಿಗೆ ಮೊದಲು ಕೊಡುವ ಸುಮಾರು ಹತ್ತು ವಯಲ್ ಸಾಕೇ, ಎಷ್ಟು ಮಂದಿಗೆ ಮತ್ತೆ ಬೇಕಾಗುತ್ತದೆ, ಯಾರ ಮೂತ್ರಪಿಂಡ ಸೋಲುತ್ತದೆ? ಇದನ್ನು ತಿಳಿಯಲು ದೊಡ್ಡ ಯಂತ್ರ ಬೇಡ. ಬಂದ ಪ್ರತಿ ರೋಗಿಯ ವಿವರವನ್ನು ವರ್ಷಗಟ್ಟಲೆ ಬಿಡದೆ ಬರೆದಿಡುವ ಒಬ್ಬ ನೌಕರ, ಮನೆಗೆ ಹೋದವರನ್ನು ಮೂರು ತಿಂಗಳ ನಂತರ ಫೋನ್ ಮಾಡಿ ವಿಚಾರಿಸುವ ಏರ್ಪಾಡು, ಒಂದಿಷ್ಟು ರಕ್ತಪರೀಕ್ಷೆಯ ಕಿಟ್ಟು ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದರಿಂದ ಎಣಿಕೆಗೊಂದು ದಾರಿಯಾಯಿತು. ಎಣಿಕೆಯ ಆಚೆಗಿನ ಅಭ್ಯಾಸಕ್ಕೆ ಹಣ ಬೇರೆಯೇ ಬೇಕು.

ಅದು ಬರುವ ದಾರಿಗಳು ಕೆಲವೇ. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಣ್ಣ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯಲೇಬೇಕು. ಕಿಟ್ಟಿನ ಖರ್ಚು ಎಷ್ಟೋ ಸಲ ಅವರ ಕಿಸೆಯದೇ. ರೋಗಿಗೆ ಬೇಡದ, ಸಂಶೋಧನೆಗೆ ಮಾತ್ರ ಬೇಕಾದ ಪರೀಕ್ಷೆಯ ಖರ್ಚನ್ನು ರೋಗಿಯ ಮೇಲೆ ಹಾಕುವಂತಿಲ್ಲ, ಹಾಕಬಾರದು. ಕಿಸೆ ಸಣ್ಣದಾದಾಗ ಅಧ್ಯಯನವೂ ಸಣ್ಣದಾಗುತ್ತದೆ. ಸಂಸ್ಥೆಯ ಬಳಿ ಬೀಜಧನ ಇದ್ದರೆ ಐವತ್ತು ರೋಗಿಗಳ ಪ್ರಬಂಧ ಐನೂರು ರೋಗಿಗಳ ಅಧ್ಯಯನವಾಗಬಲ್ಲದು. ಅದನ್ನು ತೋರಿಸಿ ಕೇಂದ್ರದ ದೊಡ್ಡ ಅನುದಾನ ಕೇಳಬಹುದು. ಎರಡು ಲಕ್ಷ ರೂಪಾಯಿಯ ದೇಣಿಗೆಗೆ ಕಟ್ಟಡದಲ್ಲಿ ಒಂದು ಕೋಣೆಯೂ ಬಾರದು, ಪ್ರಯೋಗಾಲಯದಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿಕ್ಕೀತು.

ಇಲ್ಲಿ ಕಾವಲೂ ಇದೆ. ಯಾವ ಅಧ್ಯಯನವೂ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಶುರುವಾಗಕೂಡದು; ಆ ಸಮಿತಿಯಲ್ಲಿ ವೈದ್ಯರಲ್ಲದ ಒಬ್ಬ ಸಾಮಾನ್ಯ ಸದಸ್ಯ, ಒಬ್ಬ ಕಾನೂನು ತಿಳಿದವರು ಇರಬೇಕು. ಔಷಧಿ ಪ್ರಯೋಗಗಳನ್ನು ರಾಷ್ಟ್ರೀಯ ದಾಖಲೆಯಲ್ಲಿ ಮೊದಲೇ ನೋಂದಾಯಿಸುವುದು 2009ರಿಂದ ಕಡ್ಡಾಯ. ರೋಗಿಯ ಒಪ್ಪಿಗೆಪತ್ರ ಅವರ ಭಾಷೆಯಲ್ಲಿರಬೇಕು, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು. ದುಡ್ಡು ಕೊಟ್ಟವರು ಫಲಿತಾಂಶ ಹೀಗೇ ಬರಬೇಕೆಂದು ಹೇಳುವಂತಿಲ್ಲ. ಔಷಧಿ ಕಂಪನಿಯ ಹಣದಲ್ಲಿ ಈ ಆತಂಕ ಸದಾ ಇರುತ್ತದೆ. ಊರಿನ ದಾನಿಯ ಮೂಲನಿಧಿಯಲ್ಲಿ ಅದು ಕಡಿಮೆ.

ಪ್ರಾದೇಶಿಕ ಆಸ್ಪತ್ರೆಯೊಂದರ ಸಂಶೋಧನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಪಕ್ಕದ ಬೆಳಗಾವಿಯೇ ಸಾಕ್ಷಿ. ಹೆರಿಗೆಯ ನಂತರದ ರಕ್ತಸ್ರಾವ ಬಡದೇಶಗಳಲ್ಲಿ ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಚುಚ್ಚುಮದ್ದಿಗೆ ತಂಪುಪೆಟ್ಟಿಗೆ ಬೇಕು, ಚುಚ್ಚುವ ತರಬೇತಿ ಬೇಕು; ಹಳ್ಳಿಯ ಮನೆಯ ಹೆರಿಗೆಯಲ್ಲಿ ಎರಡೂ ಇರುತ್ತಿರಲಿಲ್ಲ. ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಮಾತ್ರೆ ಆ ಕೆಲಸ ಮಾಡೀತೇ ಎಂದು 2002ರಿಂದ 2005ರವರೆಗೆ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಪರೀಕ್ಷಿಸಿದರು. ಮಾತ್ರೆ ಕೊಟ್ಟವರು ದೊಡ್ಡ ಡಾಕ್ಟರುಗಳಲ್ಲ, ಊರೂರಿನ ಎಎನ್‌ಎಂ ಸಿಸ್ಟರುಗಳು. 1,620 ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಔಷಧಿ, ಉಳಿದವರಿಗೆ ಔಷಧಿಯಿಲ್ಲದ ಅದೇ ರೂಪದ ಮಾತ್ರೆ. ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಹಣ ಬಂದದ್ದು ಅಮೆರಿಕ ಸರ್ಕಾರದ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಗೇಟ್ಸ್ ಪ್ರತಿಷ್ಠಾನದಿಂದ. ಆ ಹಣ ಬರುವ ಹೊತ್ತಿಗೆ ಇಲ್ಲೊಂದು ಕಾಲೇಜು, ಅದರಲ್ಲಿ ಅಧ್ಯಾಪಕರು, ಹಳ್ಳಿಗಳೊಂದಿಗೆ ಅವರ ಒಡನಾಟ ಸಿದ್ಧವಿದ್ದದ್ದು 1916ರ ಸಂಸ್ಥೆಗೆ ಊರವರು ಕೊಟ್ಟದ್ದರಿಂದ.

ವಿದೇಶದ ದುಡ್ಡಿಗೆ ಈಗ ಬೇಲಿ ಬಿಗಿಯಾಗಿದೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆ 2010ರ ಕಾಯ್ದೆಯಡಿ ನೋಂದಣಿಯಾಗಿರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೇ ಬರಬೇಕು, ಆಡಳಿತ ಖರ್ಚು ಶೇ 20 ದಾಟಕೂಡದು, ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣವನ್ನು ವರ್ಗಾಯಿಸುವಂತಿಲ್ಲ. ಅಮೆರಿಕ, ಕೊಲ್ಲಿ ದೇಶಗಳಲ್ಲಿ ನೆಲೆಸಿ ಅಲ್ಲಿಯ ಪೌರತ್ವ ಪಡೆದ ವಿಜಯಪುರದವರು ಊರಿನ ಆಸ್ಪತ್ರೆಗೆ ಏನಾದರೂ ಕೊಡಬೇಕೆಂದರೆ ಈ ದಾರಿಯಲ್ಲೇ ಬರಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಗಳಿಕೆಯಿಂದ ಬ್ಯಾಂಕ್ ಮೂಲಕ ಕೊಡುವುದು ವಿದೇಶಿ ದೇಣಿಗೆ ಎನಿಸುವುದಿಲ್ಲ.

ರೊಕ್ಕವಲ್ಲದ ದಾನಗಳಿಲ್ಲದೆ ಆಸ್ಪತ್ರೆ ಒಂದು ದಿನವೂ ನಡೆಯದು. ದುಡ್ಡಿಗೆ ರಕ್ತ ಮಾರುವುದು ದೇಶದಲ್ಲಿ 1998ರಿಂದ ನಿಷಿದ್ಧ. ರಕ್ತನಿಧಿಯಲ್ಲಿ ಕಟ್ಟುವುದು ಪರೀಕ್ಷೆ, ಸಂಗ್ರಹದ ವೆಚ್ಚ ಮಾತ್ರ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕೊಟ್ಟ ಒಂದು ಚೀಲದಿಂದ ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇರ್ಪಡುತ್ತವೆ. ಪ್ಲೇಟ್‌ಲೆಟ್ ಐದೇ ದಿನ ಬಾಳುತ್ತದೆ. ಏಪ್ರಿಲ್–ಮೇ ಬಿಸಿಲಿನಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳಿಲ್ಲ. ಹೆರಿಗೆಗೆ, ಅಪಘಾತಕ್ಕೆ ರಜೆಯಿಲ್ಲ. ಜಯಂತಿಯ ದಿನ ನೂರಾರು ಮಂದಿ ಒಟ್ಟಿಗೆ ಕೊಡುವುದಕ್ಕಿಂತ ವಾರಕ್ಕೆ ಹತ್ತು ಮಂದಿ ಬರುವುದು ಆಸ್ಪತ್ರೆಗೆ ಹೆಚ್ಚು ಅನುಕೂಲ.

ಕಣ್ಣು ಸಾವಿನ ನಂತರ ಆರು ತಾಸಿನೊಳಗೆ ತೆಗೆಯಬೇಕು. ದೇಹದಾನ ವೈದ್ಯಕೀಯ ಶಿಕ್ಷಣದ ಅಡಿಪಾಯ. ಬೈಲಹೊಂಗಲದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ತಮ್ಮ ದೇಹವನ್ನು ದಾನ ಬರೆದು, ಅಂಗರಚನಾಶಾಸ್ತ್ರ ಕಲಿಸುವ ಮಗನೇ ಅದನ್ನು ಛೇದಿಸಬೇಕೆಂದು ಬಯಸಿದ್ದರು. 2008ರಲ್ಲಿ ಅವರು ತೀರಿಕೊಂಡರು. 2010ರ ನವೆಂಬರಿನಲ್ಲಿ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯಲ್ಲಿ ವಿದ್ಯಾರ್ಥಿಗಳ ಮುಂದೆ ತಂದೆಯ ದೇಹವನ್ನು ಛೇದಿಸಿ ಪಾಠ ಮಾಡಿದರು. ಉತ್ತರ ಕರ್ನಾಟಕದಲ್ಲಿ ದೇಹದಾನದ ಮಾತು ಮನೆಮನೆಗೆ ಹೋಗಲು ಈ ಘಟನೆಯಷ್ಟು ಕೆಲಸ ಮಾಡಿದ ಭಾಷಣ ಯಾವುದೂ ಇಲ್ಲ.

ದೇಣಿಗೆಗೆ ಮಿತಿಯೂ ಇದೆ. ಅದು ಕೊಡುವವರ ಮನಸ್ಸನ್ನು ಹಿಂಬಾಲಿಸುತ್ತದೆ, ರೋಗವನ್ನಲ್ಲ. ಮಕ್ಕಳ ಹೃದಯಕ್ಕೆ ಹರಿಯುವ ದುಡ್ಡು ಮಾನಸಿಕ ಕಾಯಿಲೆಗೆ, ಕ್ಷಯಕ್ಕೆ ಹರಿಯುವುದಿಲ್ಲ. ಜಿಲ್ಲಾ ಕೇಂದ್ರಕ್ಕೆ ಬಂದದ್ದು ಚಡಚಣ, ಆಲಮೇಲ, ತಾಳಿಕೋಟೆಗೆ ಇಳಿಯುವುದಿಲ್ಲ. ಬರ ಬಿದ್ದ ವರ್ಷ ರೋಗ ಹೆಚ್ಚು, ದಾನ ಕಡಿಮೆ. ಹೀಗಿರುವಾಗ ಸರ್ಕಾರ ಮಾಡಬೇಕಾದ ಕೆಲಸವನ್ನು ದಾನಿಗಳ ಹೆಗಲಿಗೆ ದಾಟಿಸುವುದು ತಪ್ಪು. 2025ರಲ್ಲಿ ವಿಜಯಪುರದಲ್ಲಿ ಖಾಸಗಿ ಸಹಭಾಗಿತ್ವ ಬೇಡ, ಪೂರ್ತಿ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂದು ನಡೆದ ದೀರ್ಘ ಧರಣಿಯ ಹಿಂದೆ ಇದ್ದದ್ದು ಇದೇ ವಾದ. ನೂರು ವರ್ಷ ಜೋಳಿಗೆಗೆ ಹಾಕಿದ ಜಿಲ್ಲೆಗೆ ಅಷ್ಟು ಕೇಳುವ ಹಕ್ಕಿದೆ.

ಕೊಡುವವರಿಗೆ ಕಾನೂನು ಕೆಲವು ಅನುಕೂಲ ಮಾಡಿದೆ. 80ಜಿ ಎಂದೇ ಹೆಸರಾದ ವಿನಾಯಿತಿಯಲ್ಲಿ ನೋಂದಾಯಿತ ಸಂಸ್ಥೆಗೆ ಕೊಟ್ಟದ್ದರ ಅರ್ಧದಷ್ಟನ್ನು ಸಾಮಾನ್ಯವಾಗಿ ಆದಾಯದಿಂದ ಕಳೆಯಬಹುದು, ಅದಕ್ಕೊಂದು ಮೇಲ್ಮಿತಿ ಇದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿಯಿಲ್ಲ, ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಇಲ್ಲ. ಅನುಮೋದಿತ ಸಂಶೋಧನಾ ಸಂಸ್ಥೆಗೆ ವ್ಯಾಪಾರಸ್ಥರು ಕೊಟ್ಟ ಹಣಕ್ಕೆ ಒಂದು ಕಾಲದಲ್ಲಿ ಶೇ 175ರಷ್ಟು ಕಡಿತ ಸಿಗುತ್ತಿತ್ತು; ಅದು 150ಕ್ಕೆ ಇಳಿದು, 2020ರ ಏಪ್ರಿಲ್‌ನಿಂದ 100ಕ್ಕೆ ಬಂದಿದೆ. ಸಂಶೋಧನೆಗೆ ಬರುವ ದೇಣಿಗೆ ಬಡವಾಗಲು ಈ ಇಳಿಕೆಯೂ ಒಂದು ಕಾರಣವಾದರೆ ಅಚ್ಚರಿಯಿಲ್ಲ. ಪಡೆಯುವ ಟ್ರಸ್ಟು ತನ್ನ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಮೂಲನಿಧಿಗೆಂದು ದಾನಿ ಬರೆದುಕೊಟ್ಟರೆ ಮಾತ್ರ ಆ ಹಣಕ್ಕೆ ಲೆಕ್ಕ ಬೇರೆ. ಬರವಣಿಗೆಯಿಲ್ಲದ ಬಾಯಿಮಾತಿಗೆ ಲೆಕ್ಕಪರಿಶೋಧಕರ ಮುಂದೆ ಬೆಲೆಯಿಲ್ಲ.

ಕೊಡಲು ವಿಜಯಪುರಕ್ಕೇ ಬರಬೇಕೆಂದೂ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿಗಳಿವೆ. ಜನಪ್ರತಿನಿಧಿಗಳು, ವೈದ್ಯಾಧಿಕಾರಿಗಳು, ಊರಿನ ಪ್ರಮುಖರು ಇರುವ ಈ ಸಮಿತಿಗಳು ದೇಣಿಗೆ ಪಡೆಯಬಹುದು, ಅಲ್ಲಿಯೇ ಖರ್ಚು ಮಾಡಬಹುದು. ಆರ್‌ಒ ಪೊರೆ, ಇನ್ವರ್ಟರ್ ಬ್ಯಾಟರಿ, ಹೆರಿಗೆ ಕೋಣೆಯ ಬಿಸಿನೀರು ಇಂಥವಕ್ಕೆ ಇದರಷ್ಟು ಹತ್ತಿರದ ದಾರಿ ಇನ್ನೊಂದಿಲ್ಲ. ಮನೆಯಲ್ಲಿ ಯಾರದಾದರೂ ನೆನಪಿಗೆ ಆಸ್ಪತ್ರೆಗೆ ಕೊಡಬೇಕೆಂದಿರುವವರು ಮೊದಲು ಅಲ್ಲಿಯ ಆಡಳಿತ ವೈದ್ಯಾಧಿಕಾರಿಯನ್ನು ಕಂಡು ಈ ತಿಂಗಳು ಏನು ಕೆಟ್ಟು ನಿಂತಿದೆ ಎಂದು ಕೇಳಲಿ. ಕೊಟ್ಟ ಮೇಲೆ ಉದ್ದೇಶ ಬರೆಸಿದ ರಸೀದಿ ಪಡೆಯಲಿ, ವರ್ಷದ ಕೊನೆಗೆ ಹೋಗಿ ಲೆಕ್ಕ ಕೇಳಲಿ.